ನಿಂತ ನೀರು, ನಂಬರ್ ಪ್ಲೇಟು, ತಪ್ಪು ತಾರೀಖು: ಮಾರ್ಕೆಟ್ ಸ್ಟ್ರೀಟ್ ಚಿತ್ರದ ಪ್ರಕರಣ

ಸುಮಾರು 13 ನಿಮಿಷದ ಒಂದು ಮೂಕಿ ಚಿತ್ರವಿದೆ. ಯಾವ ಊರಿನದು, ಯಾವ ಬೀದಿಯದು, ಯಾರು ತೆಗೆದದ್ದು ಎಲ್ಲವೂ ಗೊತ್ತಿತ್ತು. ಯಾವಾಗ ತೆಗೆದದ್ದು ಅನ್ನೋದು ಮಾತ್ರ ಬಹಳ ಕಾಲ ತಪ್ಪಾಗಿ ದಾಖಲಾಗಿತ್ತು. ತಪ್ಪು ಸುಮಾರು ಏಳು ತಿಂಗಳದ್ದು. ನೂರು ವರ್ಷ ಹಳೆಯ ಚಿತ್ರಕ್ಕೆ ಏಳು ತಿಂಗಳು ಆಚೀಚೆ ಆದರೆ ಏನಂತೆ ಅಂತ ಅನ್ನಿಸಬಹುದು. ಈ ಚಿತ್ರದ ಮಟ್ಟಿಗೆ ಆ ಏಳು ತಿಂಗಳಲ್ಲೇ ಎಲ್ಲವೂ ಇದೆ.

ಚಿತ್ರದ ಹೆಸರು ‘ಎ ಟ್ರಿಪ್ ಡೌನ್ ಮಾರ್ಕೆಟ್ ಸ್ಟ್ರೀಟ್’. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ್ದು. ತೆಗೆದವರು ಹ್ಯಾರಿ, ಹರ್ಬರ್ಟ್, ಅರ್ಲ್, ಜೋ ಎಂಬ ನಾಲ್ವರು ಮೈಲ್ಸ್ ಸಹೋದರರು. ಮಾರ್ಕೆಟ್ ಸ್ಟ್ರೀಟಿನ 1139ನೇ ನಂಬರಿನಲ್ಲೇ ಅವರ ಸ್ಟುಡಿಯೋ ಇತ್ತು. ಒಂದು ಕೇಬಲ್ ಕಾರಿನ ಮುಂಭಾಗದಲ್ಲಿ ಕ್ಯಾಮೆರಾ ಕೂರಿಸಿದರು. ಹ್ಯಾರಿ ಮೈಲ್ಸ್ ಕೈಯಲ್ಲೇ ಹಿಡಿಕೆ ತಿರುಗಿಸುತ್ತಾ ಹೋದರು. ಎಂಟನೇ ಬೀದಿಯ ಹತ್ತಿರ ಹೊರಟ ಕಾರು ಕೊಲ್ಲಿಯ ದಂಡೆಯಲ್ಲಿರುವ ಫೆರಿ ಕಟ್ಟಡದವರೆಗೆ ಹೋಗುತ್ತದೆ. ಉದ್ದಕ್ಕೂ ಆ ಕಟ್ಟಡದ ಗಡಿಯಾರ ಗೋಪುರ ಎದುರಿಗೆ ಕಾಣುತ್ತಾ, ನಿಧಾನಕ್ಕೆ ದೊಡ್ಡದಾಗುತ್ತದೆ.

ಕೇಬಲ್ ಕಾರು ಯಾಕೆ ಮುಖ್ಯ ಅಂದರೆ, ಅದು ಎಳೆದಾಡದೆ ಸಾಗುವ ಗಾಡಿ. ಹಳಿಗಳ ನಡುವೆ ನೆಲದಡಿಯಲ್ಲಿ ಒಂದು ಉಕ್ಕಿನ ಹಗ್ಗ ಒಂದೇ ವೇಗದಲ್ಲಿ ಓಡುತ್ತಾ ಇರುತ್ತದೆ. ಕಾರಿನ ಕೆಳಗಿನ ಇಕ್ಕಳ ಆ ಹಗ್ಗವನ್ನು ಕಚ್ಚಿ ಹಿಡಿದರೆ ಕಾರು ಹೊರಡುತ್ತದೆ, ಬಿಟ್ಟು ಬ್ರೇಕ್ ಹಾಕಿದರೆ ನಿಲ್ಲುತ್ತದೆ. ಕುದುರೆಯ ಕುಲುಕಾಟವಿಲ್ಲ, ಎಂಜಿನ್ನಿನ ನಡುಕವಿಲ್ಲ. ಕ್ಯಾಮೆರಾ ತೇಲಿದ ಹಾಗೆ ಮುಂದೆ ಹೋಗುತ್ತದೆ. ಗಾಡಿಯ ಮುಂದೆ ಕ್ಯಾಮೆರಾ ಕಟ್ಟಿ ತೆಗೆಯುವ ಇಂಥ ಚಿತ್ರಗಳಿಗೆ ಆಗ ‘ಫ್ಯಾಂಟಮ್ ರೈಡ್’ ಎಂಬ ಹೆಸರಿತ್ತು. ಜನ ಇವನ್ನು ದುಡ್ಡು ಕೊಟ್ಟು ನೋಡುತ್ತಿದ್ದರು. 1904ರ ಸೇಂಟ್ ಲೂಯಿಸ್ ಮಹಾಮೇಳದಲ್ಲಿ ಜಾರ್ಜ್ ಹೇಲ್ ಎಂಬವರು ರೈಲು ಬೋಗಿಯಂತೆ ಕಟ್ಟಿದ ಪುಟ್ಟ ಥಿಯೇಟರಿನಲ್ಲಿ ಇಂಥವನ್ನೇ ತೋರಿಸಿದರು. ಬೇಗನೆ ಆ ವ್ಯಾಪಾರ ಬೇರೆ ಊರುಗಳಿಗೂ ಹಬ್ಬಿತು. ಮೈಲ್ಸ್ ಸಹೋದರರು ಚಿತ್ರ ತೆಗೆಯುವವರಷ್ಟೇ ಅಲ್ಲ, ಚಿತ್ರಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರವನ್ನೂ ಮಾಡುತ್ತಿದ್ದವರು. ಮಾರುಕಟ್ಟೆಗೆ ಏನು ಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬೀದಿಯಲ್ಲಿ ಏನೆಲ್ಲಾ ಇದೆ! ಕುದುರೆ ಬಂಡಿಗಳು, ಸರಕು ತುಂಬಿದ ಗಾಡಿಗಳು, ಬೇರೆ ಕೇಬಲ್ ಕಾರುಗಳು, ಕುದುರೆ ಎಳೆಯುವ ಟ್ರಾಮುಗಳು, ಅಡ್ಡ ಬೀದಿಯಿಂದ ಬರುವ ವಿದ್ಯುತ್ ಟ್ರಾಮುಗಳು, ಸೈಕಲ್ಲುಗಳು, ಮೋಟಾರು ಕಾರುಗಳು. ಹ್ಯಾಟು ಹಾಕದ ದೊಡ್ಡವರು ಕಾಣುವುದೇ ಅಪರೂಪ. ಪೇಪರ್ ಮಾರುವ ಹುಡುಗರು ಗಾಡಿಗಳ ನಡುವೆ ನುಸುಳುತ್ತಾರೆ. ಜನ ಎಲ್ಲಿ ಬೇಕೋ ಅಲ್ಲಿ ರಸ್ತೆ ದಾಟುತ್ತಾರೆ. ಸಿಗ್ನಲ್ ಇಲ್ಲ, ಗೆರೆ ಇಲ್ಲ. ಕೇಬಲ್ ಕಾರು ಇನ್ನೇನು ಮುಟ್ಟಿತು ಅನ್ನುವಾಗ ಪಕ್ಕಕ್ಕೆ ಸರಿಯುವವರೂ ಇದ್ದಾರೆ. ಒಂದಷ್ಟು ಹುಡುಗರು ಕ್ಯಾಮೆರಾ ಕಂಡಿದ್ದೇ ಅದರ ಮುಂದೆ ಮುಂದೆ ಓಡುತ್ತಾರೆ.

ಎಡಗಡೆಗೆ 1904ರಲ್ಲಿ ಮುಗಿದ ಫ್ಲಡ್ ಕಟ್ಟಡ, ಆಮೇಲೆ ಲೊಟ್ಟಾ ಕಾರಂಜಿ. ಬಲಗಡೆಗೆ ಗುಮ್ಮಟವಿರುವ ಕಾಲ್ ಪತ್ರಿಕೆಯ ಕಟ್ಟಡ, ಸ್ವಲ್ಪ ಮುಂದೆ 1875ರಲ್ಲಿ ತೆರೆದ ಪ್ಯಾಲೇಸ್ ಹೋಟೆಲ್. ಇವೆಲ್ಲ ಗುರುತಿಗೆ ಸಿಗುವ ಕಟ್ಟಡಗಳಾದ್ದರಿಂದ ಜಾಗದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ.

ತಪ್ಪು ಎಲ್ಲಿಂದ ಬಂತು

ಲೈಬ್ರರಿ ಆಫ್ ಕಾಂಗ್ರೆಸ್‌ನ ವಿವರಣೆಯಲ್ಲಿ ಈ ಚಿತ್ರಕ್ಕೆ 1905ರ ಸೆಪ್ಟೆಂಬರ್ ಎಂಬ ದಿನಾಂಕ ಇತ್ತು. ಬೀದಿಯಲ್ಲಿ ಕಟ್ಟುತ್ತಿದ್ದ ಕೆಲವು ಕಟ್ಟಡಗಳು ಎಷ್ಟರಮಟ್ಟಿಗೆ ಮೇಲೆದ್ದಿವೆ ಅನ್ನೋದನ್ನು ನೋಡಿ ಮಾಡಿದ ಅಂದಾಜು ಅದು. ಅಂದಾಜಿನ ದಾರಿಯಲ್ಲಿ ತಪ್ಪೇನಿರಲಿಲ್ಲ. ಹಳೆಯ ಬೀದಿ ಚಿತ್ರ ಕೈಗೆ ಸಿಕ್ಕಾಗ ಎಲ್ಲರೂ ಮೊದಲು ನೋಡುವುದು ಕಟ್ಟಡಗಳನ್ನೇ. ಯಾವುದು ಇದೆ, ಯಾವುದು ಇನ್ನೂ ಇಲ್ಲ ಅಂತ ನೋಡಿದರೆ ಒಂದು ಕಾಲಮಿತಿ ಸಿಗುತ್ತದೆ. ತೊಂದರೆ ಏನಪ್ಪಾ ಅಂದರೆ, ಅರ್ಧ ಕಟ್ಟಿದ ಕಟ್ಟಡ ತಿಂಗಳ ಲೆಕ್ಕ ಹೇಳುವುದಿಲ್ಲ. ಕೆಲಸ ನಿಂತಿರಬಹುದು, ನಿಧಾನವಾಗಿರಬಹುದು. ಕಟ್ಟಡದಿಂದ ವರ್ಷ ಸಿಕ್ಕೀತು. ತಿಂಗಳಿಗೆ ಬೇರೆ ಸಾಕ್ಷಿ ಬೇಕು.

ಒಮ್ಮೆ ದೊಡ್ಡ ಗ್ರಂಥಾಲಯದ ದಾಖಲೆಯಲ್ಲಿ ಒಂದು ತಾರೀಖು ಬಿತ್ತು ಅಂದರೆ ಅದನ್ನು ಪ್ರಶ್ನೆ ಮಾಡುವವರು ಕಡಿಮೆ. ಎಲ್ಲರೂ ಅದನ್ನೇ ಎತ್ತಿ ಬರೆಯುತ್ತಾರೆ. ಇಲ್ಲೂ ಹಾಗೇ ಆಯಿತು.

ಡೇವಿಡ್ ಕೀನ್ ನೋಡಿದ್ದು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದ ನೈಲ್ಸ್ ಭಾಗದಲ್ಲಿ ನೈಲ್ಸ್ ಎಸ್ಸನೇ ಮೂಕಿ ಚಿತ್ರಗಳ ಮ್ಯೂಸಿಯಂ ಇದೆ. ಅಲ್ಲಿನ ಇತಿಹಾಸಕಾರ ಡೇವಿಡ್ ಕೀನ್ ಈ ಚಿತ್ರವನ್ನು ನೋಡುತ್ತಿದ್ದಾಗ ಅವರ ಗಮನ ಕಟ್ಟಡಗಳ ಮೇಲಿಂದ ನೆಲಕ್ಕೆ ಇಳಿಯಿತು. ರಸ್ತೆಯಲ್ಲಿ ಅಲ್ಲಲ್ಲಿ ನೀರು ನಿಂತಿತ್ತು. ಹಾಗಾದರೆ ಮಳೆ ಬಂದಿರಬೇಕಲ್ಲ?

ಈ ಒಂದು ಪ್ರಶ್ನೆಯೇ ನನಗೆ ಇಡೀ ಪ್ರಕರಣದ ಅತ್ಯಂತ ಸುಂದರವಾದ ಭಾಗ. ನೀರು ಎಲ್ಲರ ಕಣ್ಣಿಗೂ ಬಿದ್ದಿತ್ತು. ಅದನ್ನು ಸಾಕ್ಷಿ ಅಂತ ಯಾರೂ ಎಣಿಸಿರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಮಳೆಗಾಲ ಚಳಿಗಾಲದಲ್ಲಿ ಬರುತ್ತದೆ. ಹೆಚ್ಚುಕಡಿಮೆ ನವೆಂಬರಿನಿಂದ ಏಪ್ರಿಲ್ ತನಕ. ಬೇಸಿಗೆ ಪೂರ್ತಿ ಒಣ. ಸೆಪ್ಟೆಂಬರಿನಲ್ಲಿ ರಸ್ತೆಯಲ್ಲಿ ನೀರು ನಿಲ್ಲುವಷ್ಟು ಮಳೆ ಅಂದರೆ ಅಪರೂಪದ ಸಂಗತಿ. ಕೀನ್ ಆ ಕಾಲದ ಪತ್ರಿಕೆಗಳಲ್ಲಿ ಹವಾಮಾನ ವರದಿಗಳನ್ನು ಹುಡುಕುತ್ತಾ ಕೂತರು. 1905ರ ಸೆಪ್ಟೆಂಬರಿಗೆ ಆ ನೀರು ಹೊಂದಲಿಲ್ಲ. 1906ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ಭಾಗಕ್ಕೆ ಬಂದಾಗ ಲೆಕ್ಕ ಕೂಡಿಬಂತು.

ಇಲ್ಲಿ ಒಂದು ಆಕ್ಷೇಪ ಎತ್ತಲೇಬೇಕು. ಆ ಕಾಲದಲ್ಲಿ ಧೂಳು ಏಳದಿರಲಿ ಅಂತ ದೊಡ್ಡ ನಗರಗಳ ಬೀದಿಗಳಿಗೆ ಬಂಡಿಗಳಿಂದ ನೀರು ಚಿಮುಕಿಸುತ್ತಿದ್ದರು. ಹಾಗಾಗಿ ನೀರು ಕಂಡ ಕೂಡಲೇ ಮಳೆ ಅಂದುಬಿಡುವ ಹಾಗಿಲ್ಲ. ನೀರೊಂದೇ ಇದ್ದಿದ್ದರೆ ಈ ವಾದ ನಿಲ್ಲುತ್ತಿರಲಿಲ್ಲ. ನಿಂತಿದ್ದು ಬೇರೆ ಸಾಕ್ಷಿಗಳೂ ಜೊತೆಗೆ ಬಂದದ್ದರಿಂದ.

ಮುಂದಿನದು ನೆರಳು. ಮಾರ್ಕೆಟ್ ಸ್ಟ್ರೀಟ್ ನೈರುತ್ಯದಿಂದ ಈಶಾನ್ಯಕ್ಕೆ ನೇರವಾಗಿ ಹೋಗುವ ಬೀದಿ. ಬೀದಿಯ ದಿಕ್ಕು ಗೊತ್ತು, ಕಟ್ಟಡಗಳ ಎತ್ತರ ಗೊತ್ತು, ಎದುರಿಗೆ ಗಡಿಯಾರವೇ ಇದೆ. ಇಷ್ಟಿದ್ದರೆ ನೆರಳು ಬಿದ್ದಿರುವ ಕೋನದಿಂದ ಸೂರ್ಯ ಎಲ್ಲಿದ್ದ ಅಂತ ಲೆಕ್ಕ ಹಾಕಬಹುದು. ಸೂರ್ಯ ಎಲ್ಲಿದ್ದ ಅಂತ ಗೊತ್ತಾದರೆ ವರ್ಷದ ಯಾವ ಹೊತ್ತು ಅನ್ನೋದು ಗೊತ್ತಾಗುತ್ತದೆ. ಕೀನ್ ಈ ದಾರಿಯನ್ನೂ ಹಿಡಿದರು.

ಆದರೆ ಸೂರ್ಯನ ಲೆಕ್ಕದಲ್ಲಿ ಒಂದು ಸಿಕ್ಕು ಇದೆ. ಜೂನ್ 21ರ ಸುಮಾರಿಗೆ ಸೂರ್ಯ ಉತ್ತರದ ತುದಿ ಮುಟ್ಟಿ ಹಿಂದಿರುಗುತ್ತಾನೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಒಂದೇ ದಾರಿಯಲ್ಲಿ ನಡೆಯುತ್ತಾನೆ. ಏಪ್ರಿಲ್ ಮೊದಲ ವಾರದ ಸೂರ್ಯನೂ ಸೆಪ್ಟೆಂಬರ್ ಮೊದಲ ವಾರದ ಸೂರ್ಯನೂ ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇರುತ್ತಾರೆ. ಅಂದರೆ ನೆರಳು ಒಂದು ತಾರೀಖು ಕೊಡುವುದಿಲ್ಲ, ಜೋಡಿ ತಾರೀಖು ಕೊಡುತ್ತದೆ. ಇಲ್ಲಿ ಆ ಜೋಡಿಯಲ್ಲಿ ಒಂದು ವಸಂತದ್ದು, ಇನ್ನೊಂದು ಹಳೆಯ ದಾಖಲೆಯ ಸೆಪ್ಟೆಂಬರೇ! ನೆರಳನ್ನಷ್ಟೇ ನೋಡಿದ್ದರೆ ಹಳೆಯ ದಿನಾಂಕವೂ ಸರಿಯೆಂದೇ ಕಾಣುತ್ತಿತ್ತು. ಎರಡರಲ್ಲಿ ಯಾವುದು ಅಂತ ಆರಿಸಲು ಮಳೆ ಬೇಕು. ಮಳೆಯನ್ನು ನಂಬಲು ನೆರಳು ಬೇಕು. ಬಿಡಿಬಿಡಿಯಾಗಿ ಎರಡೂ ಸೊರಗಿದ ಸಾಕ್ಷಿಗಳು. ಸೇರಿದಾಗ ಮಾತ್ರ ಗಟ್ಟಿ.

ಮೂರನೆಯದು ನಂಬರ್ ಪ್ಲೇಟು. ಇದು ಎಲ್ಲಕ್ಕಿಂತ ಬಿಗಿಯಾದದ್ದು. ಕ್ಯಾಲಿಫೋರ್ನಿಯಾ ರಾಜ್ಯ ಮೋಟಾರು ವಾಹನಗಳ ನೋಂದಣಿ ಶುರುಮಾಡಿದ್ದೇ 1905ರಲ್ಲಿ. ಮಾಲೀಕರು ರಾಜಧಾನಿ ಸ್ಯಾಕ್ರಮೆಂಟೋದಲ್ಲಿ ಹೆಸರು ಬರೆಸಿ ಒಂದು ನಂಬರ್ ಪಡೆಯಬೇಕಿತ್ತು. ಪ್ಲೇಟನ್ನು ಮಾತ್ರ ಸರ್ಕಾರ ಕೊಡುತ್ತಿರಲಿಲ್ಲ. ಮಾಲೀಕರೇ ಚರ್ಮದ ಮೇಲೋ ಮರದ ಮೇಲೋ ತಗಡಿನ ಮೇಲೋ ನಂಬರ್ ಬರೆಸಿ ಗಾಡಿಗೆ ತಗುಲಿಸುತ್ತಿದ್ದರು. ರಾಜ್ಯವೇ ಪ್ಲೇಟು ಕೊಡಲು ಶುರುಮಾಡಿದ್ದು 1914ರಲ್ಲಿ. ಚಿತ್ರದ ಒಳ್ಳೆಯ ಪ್ರತಿಯಲ್ಲಿ ಒಂದು ಕಾರಿನ ನಂಬರ್ ಓದಲು ಬರುತ್ತಿತ್ತು. ಕೀನ್ ಅದನ್ನು ಹಿಡಿದು ನೋಂದಣಿ ದಾಖಲೆ ಹುಡುಕಿದರು. ಆ ಕಾರು ನೋಂದಣಿಯಾಗಿದ್ದು 1906ರ ಆರಂಭದಲ್ಲಿ.

ಇನ್ನೂ ಕೊಟ್ಟೇ ಇಲ್ಲದ ನಂಬರ್ 1905ರ ಸೆಪ್ಟೆಂಬರಿನಲ್ಲಿ ಬೀದಿಗೆ ಬರಲು ಸಾಧ್ಯವೇ ಇಲ್ಲ, ಅಲ್ವಾ? ಹಳೆಯ ದಿನಾಂಕ ಅಲ್ಲಿಗೆ ಮುಗಿಯಿತು. ಮಳೆ, ನೆರಳುಗಳ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡಬಹುದು. ಈ ನಂಬರಿನ ಮುಂದೆ ವಾದ ನಡೆಯುವುದಿಲ್ಲ.

ಕೊನೆಯದಾಗಿ ಒಂದು ಜಾಹೀರಾತು. ಮೈಲ್ಸ್ ಸಹೋದರರು ಮನರಂಜನಾ ವ್ಯಾಪಾರದ ಪತ್ರಿಕೆಯಲ್ಲಿ ಈ ಚಿತ್ರವನ್ನು ಮಾರಾಟಕ್ಕೆ ಇಟ್ಟಿದ್ದರು. ನಗರ ನಾಶವಾಗುವುದಕ್ಕೆ ಒಂದು ವಾರ ಮುಂಚೆ ತೆಗೆದ ಚಿತ್ರ ಅಂತ ಅದರಲ್ಲಿ ಹೇಳಿಕೊಂಡಿದ್ದರು. ಮಾರುವವರ ಮಾತನ್ನು ಸುಮ್ನೆ ನಂಬುವುದು ಕಷ್ಟ. ದುರಂತದ ಬಿಸಿ ಆರುವ ಮುಂಚೆ ಚಿತ್ರ ಮಾರಬೇಕಾದವರು ‘ಮೊನ್ನೆ ಮೊನ್ನೆ ತೆಗೆದದ್ದು’ ಅಂತ ಹೇಳುವುದು ಸಹಜ. ಹಾಗಾಗಿ ಈ ಜಾಹೀರಾತು ಮೊದಲು ಸಿಕ್ಕಿದ್ದರೂ ಅದರ ಮೇಲೆ ಪೂರ್ತಿ ಭಾರ ಹಾಕಲು ಆಗುತ್ತಿರಲಿಲ್ಲ. ನೀರು, ನೆರಳು, ನಂಬರ್ ಎಲ್ಲ ಒಂದೇ ಕಡೆ ಬೆರಳು ತೋರಿಸಿದ ಮೇಲೆ, ಆ ವ್ಯಾಪಾರಿಗಳು ಈ ವಿಷಯದಲ್ಲಿ ನಿಜವನ್ನೇ ಹೇಳಿದ್ದರು ಅಂತ ನಂಬಲು ಕಾರಣ ಸಿಕ್ಕಿತು.

ಹೀಗೆ ದಿನಾಂಕ ಎರಡು ಗೋಡೆಗಳ ನಡುವೆ ಸಿಕ್ಕಿಬಿತ್ತು. ಒಂದು ಕಡೆ 1906ರ ಆರಂಭದ ನೋಂದಣಿ. ಇನ್ನೊಂದು ಕಡೆ 1906ರ ಏಪ್ರಿಲ್ 18.

ಏಪ್ರಿಲ್ 18

ಅವತ್ತು ಬುಧವಾರ. ಬೆಳಗ್ಗೆ 5 ಗಂಟೆ 12 ನಿಮಿಷಕ್ಕೆ ಭೂಕಂಪವಾಯಿತು. ಇವತ್ತಿನ ಲೆಕ್ಕದಲ್ಲಿ ಅದರ ತೀವ್ರತೆ ಸುಮಾರು 7.9. ಸ್ಯಾನ್ ಆಂಡ್ರಿಯಾಸ್ ಬಿರುಕು 470 ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ ಸೀಳಿತು. ನಡುಕ ನಿಂತ ಮೇಲೆ ಬೆಂಕಿ. ನೆಲದಡಿಯ ನೀರಿನ ಕೊಳವೆಗಳು ಒಡೆದುಹೋಗಿದ್ದವು. ಅಗ್ನಿಶಾಮಕ ದಳದ ಮುಖ್ಯಸ್ಥ ಡೆನಿಸ್ ಸಲಿವನ್ ಭೂಕಂಪದಲ್ಲೇ ಗಾಯಗೊಂಡು ಕೆಲವು ದಿನಗಳಲ್ಲಿ ತೀರಿಕೊಂಡರು. ಬೆಂಕಿಗೆ ತಡೆ ಹಾಕಲು ಕಟ್ಟಡಗಳನ್ನು ಡೈನಮೈಟ್ ಇಟ್ಟು ಉರುಳಿಸಿದರು. ಹಲವು ಕಡೆ ಅದರಿಂದಲೇ ಹೊಸ ಬೆಂಕಿ ಹತ್ತಿತು. ಮೂರು ದಿನಕ್ಕೂ ಹೆಚ್ಚು ನಗರ ಉರಿಯಿತು. ಸುಮಾರು 28,000 ಕಟ್ಟಡಗಳು ಹೋದವು. ನಗರದಲ್ಲಿದ್ದ ಸುಮಾರು 4 ಲಕ್ಷ ಜನರಲ್ಲಿ 2.25 ಲಕ್ಷದಷ್ಟು ಜನ ಮನೆ ಕಳೆದುಕೊಂಡರು.

ಸತ್ತವರ ಲೆಕ್ಕ ಬೇರೆಯೇ ಒಂದು ಕಥೆ. ಆಗಿನ ಅಧಿಕೃತ ಲೆಕ್ಕ 500ನ್ನು ಮುಟ್ಟಲಿಲ್ಲ. ಬಹಳ ಕಾಲದ ಮೇಲೆ ನಗರದ ಗ್ರಂಥಪಾಲಕಿ ಗ್ಲಾಡಿಸ್ ಹ್ಯಾನ್ಸನ್ ದಾಖಲೆಗಳನ್ನು ಒಂದೊಂದಾಗಿ ಕೂಡಿಸುತ್ತಾ ಹೋದರು. ಸಂಖ್ಯೆ 3,000 ದಾಟುತ್ತದೆ ಅಂತ ತೋರಿಸಿದರು. ಕೀನ್ ಅವರದೂ ಹ್ಯಾನ್ಸನ್ ಅವರದೂ ಒಂದೇ ಬಗೆಯ ತಾಳ್ಮೆಯ ಕೆಲಸ. ಒಬ್ಬರು ಹೆಸರುಗಳನ್ನು ಹುಡುಕಿದರು, ಇನ್ನೊಬ್ಬರು ಒಂದು ಮಧ್ಯಾಹ್ನವನ್ನು ಹುಡುಕಿದರು.

ಚಿತ್ರದ ದಿನಾಂಕ ಏಪ್ರಿಲ್ ಆಯಿತು ಅಂದ ಕೂಡಲೇ ನೋಡುವ ಕಣ್ಣು ಬದಲಾಗುತ್ತದೆ. ಸೆಪ್ಟೆಂಬರ್ ಅಂದುಕೊಂಡಾಗ ಇದು ಹಳೆಯ ಊರಿನ ಚಂದದ ನೋಟವಷ್ಟೇ. ಈಗ ಅದು ಕೆಲವೇ ದಿನಗಳಲ್ಲಿ ಸುಟ್ಟುಹೋಗಲಿರುವ ಬೀದಿ. ಬಲಗಡೆ ಕಾಣುವ ಪ್ಯಾಲೇಸ್ ಹೋಟೆಲ್ ಭೂಕಂಪವನ್ನು ತಡೆದುಕೊಂಡಿತು, ಆಮೇಲೆ ಬೆಂಕಿಗೆ ಬಲಿಯಾಯಿತು. ಗಾಯಕ ಎನ್ರಿಕೊ ಕರುಸೊ ಆ ರಾತ್ರಿ ಅಲ್ಲೇ ತಂಗಿದ್ದರು. ಕಾಲ್ ಕಟ್ಟಡ ಒಳಗೆಲ್ಲ ಉರಿದು ಹೊರಗಿನ ಗೂಡು ಉಳಿಯಿತು. ಫ್ಲಡ್ ಕಟ್ಟಡ, ಲೊಟ್ಟಾ ಕಾರಂಜಿ, ಫೆರಿ ಕಟ್ಟಡ ಇವತ್ತಿಗೂ ಇವೆ. ಮೈಲ್ಸ್ ಸಹೋದರರ ಸ್ಟುಡಿಯೋ ಉಳಿಯಲಿಲ್ಲ. ಚಿತ್ರ ಉಳಿದದ್ದು ನೆಗೆಟಿವ್ ಊರಲ್ಲಿ ಇರದಿದ್ದರಿಂದ. ಕೀನ್ ಹೇಳುವ ಪ್ರಕಾರ ಅದು ಭೂಕಂಪದ ಹಿಂದಿನ ರಾತ್ರಿ ನ್ಯೂಯಾರ್ಕಿನ ಕಡೆಗೆ ರೈಲು ಹತ್ತಿತ್ತು.

ಆದರೂ ಒಂದು ಮಾತು ಹೇಳಬೇಕು. ಈ ಚಿತ್ರ ತೋರಿಸುವಾಗ ‘ಇಲ್ಲಿ ಕಾಣುವವರೆಲ್ಲ ಇನ್ನು ಕೆಲವು ದಿನಗಳಲ್ಲಿ ಸಾಯಲಿದ್ದಾರೆ’ ಎಂಬ ಧಾಟಿಯಲ್ಲಿ ಮಾತಾಡುವವರಿದ್ದಾರೆ. ಅದು ಸರಿಯಲ್ಲ. 4 ಲಕ್ಷ ಜನರಲ್ಲಿ 3,000 ಅಂದರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆ ಬೀದಿಯಲ್ಲಿ ನಡೆಯುತ್ತಿದ್ದವರಲ್ಲಿ ಬಹುತೇಕ ಎಲ್ಲರೂ ಬದುಕಿ ಉಳಿದಿರಬೇಕು. ಅವರಿಗೆ ಕಾದಿದ್ದದ್ದು ಬೇರೆ ಕಷ್ಟ. ಅರ್ಧಕ್ಕಿಂತ ಜಾಸ್ತಿ ಜನ ಮನೆ ಕಳೆದುಕೊಂಡರು. ಪಾರ್ಕುಗಳಲ್ಲಿ ಡೇರೆ ಹಾಕಿ ಬದುಕಿದರು, ಕೊಲ್ಲಿ ದಾಟಿ ಓಕ್ಲಂಡಿಗೆ ಹೋದರು, ಕೆಲಸ ಮಾಡುತ್ತಿದ್ದ ಅಂಗಡಿಯೇ ಇಲ್ಲದೆ ಹೊಸದಾಗಿ ಶುರುಮಾಡಿದರು. ಸಾವಿನ ಕಡೆಗೆ ಹೋಗುತ್ತಿರುವ ಮೆರವಣಿಗೆ ಅಂತ ನೋಡಿದರೆ ಅವರ ಮುಂದಿನ ಬದುಕನ್ನೇ ನಾವು ಅಳಿಸಿದ ಹಾಗೆ.

ಹಗ್ಗ ಹೋಗಿ ತಂತಿ ಬಂದದ್ದು

ದಿನಾಂಕ ಸರಿಯಾದ್ದರಿಂದ ಇನ್ನೊಂದು ವಿಷಯವೂ ಬೆಳಕಿಗೆ ಬರುತ್ತದೆ. ಇದರ ಬಗ್ಗೆ ಮಾತಾಡುವವರು ಕಡಿಮೆ, ನನಗೆ ಮಾತ್ರ ಇದು ಬಹಳ ಮುಖ್ಯ ಅನ್ನಿಸುತ್ತದೆ. ಚಿತ್ರದ ಉದ್ದಕ್ಕೂ ಬೀದಿಯ ನೆತ್ತಿಯನ್ನು ನೋಡಿ. ಮಾರ್ಕೆಟ್ ಸ್ಟ್ರೀಟಿನ ಹಳಿಗಳ ಉದ್ದಕ್ಕೂ ವಿದ್ಯುತ್ ಟ್ರಾಮಿನ ತಂತಿ ಇಲ್ಲ. 1906ರಲ್ಲಿ ಬೇರೆ ನಗರಗಳ ಮುಖ್ಯ ಬೀದಿಗಳಲ್ಲಿ ವಿದ್ಯುತ್ ಟ್ರಾಮು ಮಾಮೂಲಾಗಿತ್ತು. ಇಲ್ಲಿ ಅದು ಬರದಿರಲು ಕಾರಣ ಊರಿನವರ ವಿರೋಧ. ತಲೆಯ ಮೇಲೆ ತಂತಿ ಕಟ್ಟಿ ನಮ್ಮ ದೊಡ್ಡ ಬೀದಿಯ ಅಂದ ಕೆಡಿಸಬೇಡಿ ಅನ್ನುವವರು ಬಹಳ ಜನ ಇದ್ದರು. ಟ್ರಾಮು ನಡೆಸುತ್ತಿದ್ದ ಯುನೈಟೆಡ್ ರೈಲ್‌ರೋಡ್ಸ್ ಕಂಪನಿಗೆ ತಂತಿಯೇ ಬೇಕಿತ್ತು. ಅದು ಅಗ್ಗ.

ಭೂಕಂಪವಾದ ಮೇಲೆ ಆ ವಾದ ಸುಲಭವಾಗಿ ಮುಗಿದುಹೋಯಿತು. ಹಗ್ಗದ ವ್ಯವಸ್ಥೆ ಹಾಳಾಗಿತ್ತು, ಜನರಿಗೆ ಓಡಾಡಲು ಏನಾದರೂ ಬೇಕಿತ್ತು. ಕಂಪನಿಗೆ ಅನುಮತಿ ಸಿಕ್ಕಿತು, ತಂತಿ ಬಂತು. ಆಮೇಲೆ ಹೊರಬಿದ್ದ ಸಂಗತಿ ಏನೆಂದರೆ, ಈ ಅನುಮತಿಗಾಗಿ ನಗರದ ರಾಜಕೀಯವನ್ನು ಹಿಂದಿನಿಂದ ನಡೆಸುತ್ತಿದ್ದ ವಕೀಲ ಏಬ್ ರೂಫ್‌ಗೆ 2 ಲಕ್ಷ ಡಾಲರ್ ಹೋಗಿತ್ತು. ಮೇಯರ್ ಯೂಜೀನ್ ಶ್ಮಿಟ್ಜ್ ಸಮೇತ ಹಲವರ ಮೇಲೆ ಲಂಚದ ಮೊಕದ್ದಮೆಗಳು ನಡೆದವು. ರೂಫ್ ಸ್ಯಾನ್ ಕ್ವೆಂಟಿನ್ ಜೈಲು ಸೇರಿದರು. ಮಾರ್ಕೆಟ್ ಸ್ಟ್ರೀಟಿನ ಹಗ್ಗದ ಗಾಡಿಗಳು ಮತ್ತೆ ಬರಲೇ ಇಲ್ಲ. ಕುದುರೆ ಟ್ರಾಮು ಮಾತ್ರ ಹೇಗೋ 1913ರ ತನಕ ಎಳೆದುಕೊಂಡು ಬಂತು.

ಅಂದರೆ ಮೈಲ್ಸ್ ಸಹೋದರರು ಕ್ಯಾಮೆರಾ ಇಟ್ಟ ಗಾಡಿ ಆ ಬೀದಿಯಲ್ಲಿ ಓಡಿದ ಕೊನೆಕೊನೆಯ ಕೇಬಲ್ ಕಾರುಗಳಲ್ಲಿ ಒಂದು. ಸಾರಿಗೆಯ ಇತಿಹಾಸ ಬರೆಯುವವರಿಗೆ ಇದು ಸಣ್ಣ ಸಂಗತಿಯಲ್ಲ.

ಸುತ್ತು ಹೊಡೆಯುವ ಕಾರುಗಳು

ಇಷ್ಟು ಹೊತ್ತು ಚಿತ್ರದೊಳಗಿನ ಸಾಕ್ಷಿಗಳನ್ನು ನಂಬುತ್ತಾ ಬಂದೆವು. ಈಗ ನಂಬಬಾರದ ಒಂದು ಸಂಗತಿ.

ಮೊದಲ ಸಲ ನೋಡಿದಾಗ ಮೋಟಾರು ಕಾರುಗಳು ಬೇಕಾದಷ್ಟು ಇದ್ದ ಹಾಗೆ ಕಾಣುತ್ತದೆ. 1906ರಲ್ಲೇ ಇಷ್ಟೊಂದು ಕಾರುಗಳಾ ಅಂತ ಆಶ್ಚರ್ಯವಾಗುತ್ತದೆ. ಒಂದೇ ಒಂದು ಕಾರಿನ ಮೇಲೆ ಕಣ್ಣಿಟ್ಟು ಇನ್ನೊಂದು ಸಲ ನೋಡಿ. ಅದು ಕ್ಯಾಮೆರಾವನ್ನು ದಾಟಿ ಮುಂದೆ ಹೋಗುತ್ತದೆ, ತಿರುಗುತ್ತದೆ, ಹಿಂದಕ್ಕೆ ಹೋಗಿ ಮರೆಯಾಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಪಕ್ಕದಿಂದ ಬರುತ್ತದೆ. ಗಮನವಿಟ್ಟು ನೋಡಿದವರು ಲೆಕ್ಕ ಹಾಕಿದ್ದಾರೆ. ಕಾಣುವ ಕಾರುಗಳಲ್ಲಿ ಬಹುಪಾಲು ಹೀಗೆ ಸುತ್ತು ಹೊಡೆಯುವಂಥವೇ. ಒಂದಂತೂ ಹತ್ತು ಸಲ ಬರುತ್ತದೆ.

ಸುಮ್ನೆ ಮೋಜಿಗೆ ಹತ್ತು ಸುತ್ತು ಹಾಕಿದ್ದಾರೆ ಅಂತ ಹೇಳುವುದು ಕಷ್ಟ. ಚಿತ್ರ ತೆಗೆದವರೇ ಹೇಳಿ ಮಾಡಿಸಿದ್ದು ಅನ್ನೋದೇ ಹೆಚ್ಚು ಹೊಂದುವ ವಿವರಣೆ. ತಮ್ಮ ಊರು ಹೊಸ ಕಾಲದ, ದುಡ್ಡಿರುವ ಊರು ಅಂತ ಬೇರೆ ಊರಿನ ಪ್ರೇಕ್ಷಕರಿಗೆ ತೋರಿಸಬೇಕಿತ್ತು. ನಿಜದಲ್ಲಿ ಆ ಬೀದಿಯ ಕೆಲಸವನ್ನೆಲ್ಲ ಮಾಡುತ್ತಿದ್ದದ್ದು ಕುದುರೆಗಳು. ಹಾಗಾಗಿ ಈ ಚಿತ್ರದಿಂದ ಆಗಿನ ಕಾರುಗಳ ಸಂಖ್ಯೆ ಎಣಿಸಲು ಹೊರಟರೆ ಮೋಸ ಹೋಗುತ್ತೀರಿ.

ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದಿಂದ ಕಲಿಯುವ ವಿದ್ಯೆ ಇಲ್ಲೇ ಇರುವುದು. ತೆಗೆದವರು ತೋರಿಸಬೇಕೆಂದು ತೋರಿಸಿದ್ದು ಕಾರುಗಳನ್ನು. ಅದರಲ್ಲಿ ಕೈವಾಡವಿದೆ. ಅವರು ಯೋಚನೆಯನ್ನೂ ಮಾಡದೆ ಸೆರೆಹಿಡಿದದ್ದು ನಿಂತ ನೀರನ್ನು, ಗೋಡೆಯ ನೆರಳನ್ನು, ಕಾರಿನ ಹಿಂದೆ ನೇತಾಡುವ ನಂಬರನ್ನು. ಅವುಗಳಲ್ಲಿ ಯಾರ ಕೈವಾಡವೂ ಇಲ್ಲ. ಪ್ಲೇಟು ಇದ್ದ ಕಾರನ್ನು ಕರೆಸಿದ್ದು ನಾಟಕವೇ ಆಗಿದ್ದರೂ, ಪ್ಲೇಟಿನ ಮೇಲಿನ ಅಂಕಿ ನಾಟಕವಲ್ಲ. ಬೀದಿಯ ಹಳೆಯ ಚಿತ್ರವನ್ನು ಓದುವಾಗ ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ಜನರ ನಡೆಗೂ ಇದೇ ಮಾತು. ಕ್ಯಾಮೆರಾ ಕಂಡು ಓಡಿಬರುವ ಹುಡುಗರು ನಟಿಸುತ್ತಿದ್ದಾರೆ, ಖುಷಿಯಿಂದ. ಅವರ ಹಿಂದೆ, ಕ್ಯಾಮೆರಾದ ಕಡೆ ತಿರುಗಿಯೂ ನೋಡದೆ ಗಾಡಿಯಿಂದ ಸರಕು ಇಳಿಸುವ ಕೂಲಿಯಾಳು ನಟಿಸುತ್ತಿಲ್ಲ.

ಇವತ್ತು ಸಿಗುವ ಪ್ರತಿಗಳು

2010ರಲ್ಲಿ ಅಮೆರಿಕದ ‘60 ಮಿನಿಟ್ಸ್’ ಟಿವಿ ಕಾರ್ಯಕ್ರಮ ಕೀನ್ ಅವರ ಹುಡುಕಾಟವನ್ನು ತೋರಿಸಿತು. ಅದೇ ವರ್ಷ ಚಿತ್ರ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ದಾಖಲಾತಿ ಪಟ್ಟಿಗೆ ಸೇರಿತು, 1906ರ ಚಿತ್ರ ಅಂತಲೇ. ಕೆಲವು ವರ್ಷಗಳ ನಂತರ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹಳೆ ಸಾಮಾನಿನ ಸಂತೆಯಲ್ಲಿ ಮೈಲ್ಸ್ ಸಹೋದರರದೇ ಇನ್ನೊಂದು ಚಿತ್ರ ಸಿಕ್ಕಿತು. ಭೂಕಂಪದ ನಂತರದ್ದು. ಸುಮಾರು 9 ನಿಮಿಷ. ಅದರಲ್ಲೂ ಕ್ಯಾಮೆರಾ ಮಾರ್ಕೆಟ್ ಸ್ಟ್ರೀಟಿನಲ್ಲಿ ಫೆರಿ ಕಟ್ಟಡದ ಕಡೆ ಹೋಗುತ್ತದೆ. ಎರಡೂ ಬದಿಯಲ್ಲಿ ಬರೀ ಗೋಡೆಯ ಮೋಟುಗಳು. ಎರಡೂ ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಲು ಸಾಧ್ಯವಾದರೆ ಬಿಡಬೇಡಿ. ಅಂಕಿಅಂಶಗಳಿಂದ ತಿಳಿಯದ್ದು ಅಲ್ಲಿ ತಿಳಿಯುತ್ತದೆ.

ಆದರೆ ಈಗ ಅಂತರ್ಜಾಲದಲ್ಲಿ ಹೆಚ್ಚು ಓಡಾಡುತ್ತಿರುವುದು ಬಣ್ಣ ಬಳಿದ, ಸದ್ದು ಸೇರಿಸಿದ, ಕಂಪ್ಯೂಟರಿನಿಂದ ‘ನುಣುಪು’ ಮಾಡಿದ ಪ್ರತಿಗಳು. ಜನರನ್ನು ಹಳೆಯ ಚಿತ್ರದ ಹತ್ತಿರ ಕರೆತಂದದ್ದಕ್ಕೆ ಅವುಗಳಿಗೆ ಋಣಿಯಾಗಿರಬೇಕು, ನಿಜ. ಆದರೂ ನನ್ನ ತಕರಾರು ಇದೆ. ಆ ಕಾಲದ ಫಿಲಂಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪೆಲ್ಲ ಕಪ್ಪಾಗಿ ಮೂಡುತ್ತಿತ್ತು, ನೀಲಿ ಆಕಾಶ ಬಿಳಿಯಾಗುತ್ತಿತ್ತು. ಯಾರ ಕೋಟು ಯಾವ ಬಣ್ಣದ್ದು ಅನ್ನೋದು ಆ ಫಿಲಂನಲ್ಲಿ ಇಲ್ಲವೇ ಇಲ್ಲ. ನಾವು ನೋಡುವ ಬಣ್ಣ ಯಂತ್ರದ ಊಹೆ.

ವೇಗವೂ ಹಾಗೇ. ಕೈಯಲ್ಲಿ ಹಿಡಿಕೆ ತಿರುಗಿಸುವ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳು ಮೂಡುವುದು ವಾಡಿಕೆ. ಅದನ್ನು 24ರ ವೇಗದಲ್ಲಿ ಓಡಿಸಿದರೆ ಜನ ಒಂದೂವರೆ ಪಟ್ಟು ಜೋರಾಗಿ ನಡೆಯುತ್ತಾರೆ. ಹಳೆಯ ಕಾಲದವರು ಗಡಿಬಿಡಿಯವರು ಅನ್ನೋ ತಮಾಷೆಯ ಭಾವನೆ ಹುಟ್ಟಿದ್ದು ಈ ತಪ್ಪಿನಿಂದ. ಇದನ್ನು ಸರಿಪಡಿಸಲು ಹೊಸ ಪ್ರತಿಗಳಲ್ಲಿ ನಡುನಡುವೆ ಇಲ್ಲದ ಚೌಕಟ್ಟುಗಳನ್ನು ಯಂತ್ರವೇ ಬರೆದು ಸೇರಿಸುತ್ತದೆ. ಚಲನೆ ಸಹಜವಾಗಿ ಕಾಣುತ್ತದೆ. ಕಣ್ಣಿಗೆ ಬೀಳುವ ಚೌಕಟ್ಟುಗಳಲ್ಲಿ ಹೆಚ್ಚಿನವು ಮಾತ್ರ ಯಾವತ್ತೂ ಯಾರೂ ತೆಗೆಯದಂಥವು.

ಎಲ್ಲಕ್ಕಿಂತ ಕೆಟ್ಟದ್ದು ನುಣುಪು. ಮಸುಕಾದ ಅಂಕಿಯನ್ನು ಯಂತ್ರ ಸ್ಪಷ್ಟ ಮಾಡುವಾಗ ಅದು ಓದುವುದಿಲ್ಲ, ಊಹಿಸುತ್ತದೆ. 3 ಇದ್ದದ್ದು 8 ಆಗಬಹುದು. ನೆಲದ ಮೇಲಿನ ಹೊಳಪನ್ನು ಕೊಳೆ ಅಂತ ತಿಳಿದು ಒರೆಸಿಬಿಡಬಹುದು. ಯಾವ ನೀರು, ಯಾವ ನಂಬರ್ ಈ ಚಿತ್ರಕ್ಕೆ ಅದರ ದಿನಾಂಕವನ್ನು ಕೊಟ್ಟವೋ, ಆ ನೀರು, ಆ ನಂಬರ್ ಹೊಸ ಪ್ರತಿಯಲ್ಲಿ ನಂಬಿಕೆಗೆ ಸಿಗುವುದಿಲ್ಲ. ಕೀನ್ ಅವರ ಕೈಗೆ ಇಂಥ ಪ್ರತಿ ಮಾತ್ರ ಸಿಕ್ಕಿದ್ದರೆ ಚಿತ್ರ ಇನ್ನೂ 1905ರಲ್ಲೇ ಇರುತ್ತಿತ್ತು.

ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಪ್ರೆಲಿಂಗರ್ ಸಂಗ್ರಹದ ಬಣ್ಣವಿಲ್ಲದ ಪ್ರತಿಗಳು ಯಾರಿಗಾದರೂ ನೋಡಲು ಸಿಗುತ್ತವೆ. ಮೊದಲು ಅವನ್ನು ನೋಡಿ. ಗೀರುಗಳಿವೆ, ಮಸುಕಿದೆ, ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಎರಡನೇ ಸಲ ನೋಡುವಾಗ ಕಟ್ಟಡಗಳನ್ನೂ ಕಾರುಗಳನ್ನೂ ಬಿಟ್ಟು ಹಳಿಗಳ ಆಚೀಚೆ ನೆಲವನ್ನು ಮಾತ್ರ ನೋಡಿ. ಹಳೆಯ ಬೀದಿ ಚಿತ್ರಗಳನ್ನು ಸಂಗ್ರಹಿಸುವವರು, ಹಂಚುವವರು ಯಾರೇ ಆಗಿರಲಿ, ಬಣ್ಣದ ಪ್ರತಿಯ ಜೊತೆಗೆ ಮೂಲದ ಪ್ರತಿಯನ್ನೂ ಇಡಲಿ. ದಿನಾಂಕ ಬರೆದರೆ, ಅದನ್ನು ಯಾವ ಸಾಕ್ಷಿಯಿಂದ ಕಂಡುಕೊಂಡರು ಅನ್ನೋದನ್ನೂ ಪಕ್ಕದಲ್ಲೇ ಬರೆಯಲಿ.